ಮಾಸ್ಕ್ ಮೇಷ್ಟ್ರ ಗಡ್ಡ

ಗಡ್ಡ ಬಿಟ್ಟ ಗಂಡಸರನ್ನು ಕಂಡರೆ ನನ್ನ ಕೈ ತಾನಾಗಿಯೇ ಗಲ್ಲದ ಕಡೆ ಹೋಗುತ್ತದೆ. ತೋರುಬೆರಳಿನಿಂದ ಗಲ್ಲ ಎರಡು ಸಲ ತಟ್ಟಿ ತೋರಿಸಿದರೆ ‘ಶೇವ್ ಮಾಡ್ಕೊಂಡು ಬಾ’ ಎಂದು ಅರ್ಥ. ಒಮ್ಮೆ ಮದುವೆ ಮನೆಯಲ್ಲಿ ಮದುಮಗನಿಗೇ ಹೀಗೆ ಮಾಡಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಏನು ಮಾಡಲಿ, ಇಪ್ಪತ್ತೆರಡು ವರ್ಷದ ಕಸುಬಿನ ಅಭ್ಯಾಸ ಅದು.

ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನಾನು ತರಬೇತಿ ಕೊಡುವವನು. ಬಣ್ಣ ಹೊಡೆಯುವ ಕೋಣೆ, ಆಸಿಡ್ ತೊಟ್ಟಿ, ವಿಷಗಾಳಿ ತುಂಬಿಕೊಳ್ಳುವ ಟ್ಯಾಂಕು, ಇಂಥ ಕಡೆ ಇಳಿಯುವ ಕೆಲಸಗಾರರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖವನ್ನೆಲ್ಲ ಮುಚ್ಚುವ ಮಾಸ್ಕು ಹಾಕಿಕೊಳ್ಳುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ‘ಸೆಟ್ಟು’ ಅನ್ನುತ್ತಾರೆ. ಆ ಸೆಟ್ಟನ್ನು ಹಾಕಿಕೊಳ್ಳುವುದು ಹೇಗೆ, ಅದನ್ನು ನಂಬುವುದು ಯಾವಾಗ ಎಂದು ಫ್ಯಾಕ್ಟರಿ ಫ್ಯಾಕ್ಟರಿಗೆ ಹೋಗಿ ಕಲಿಸುವುದು ನನ್ನ ಕೆಲಸ. ಫ್ಯಾಕ್ಟರಿಗಳಲ್ಲಿ ನನ್ನ ಹೆಸರು ರಂಗಸ್ವಾಮಿ ಎಂದು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಮಾಸ್ಕ್ ಮೇಷ್ಟ್ರು.

ನನ್ನ ಪಾಠದಲ್ಲಿ ಮುಖ್ಯವಾದದ್ದು ಒಂದೇ. ಮಾಸ್ಕು ಹಾಕಿಕೊಂಡು, ಗಾಳಿ ಬರುವ ತೂತನ್ನು ಅಂಗೈಯಿಂದ ಮುಚ್ಚಿ, ಉಸಿರು ಒಳಗೆ ಎಳೆಯಬೇಕು. ಮಾಸ್ಕು ಮುಖಕ್ಕೆ ಗಪ್ಪನೆ ಅಂಟಿಕೊಂಡು ಹತ್ತು ಎಣಿಸುವವರೆಗೂ ಹಾಗೇ ನಿಂತರೆ ಪಾಸು. ನಡುವೆ ಸಡಿಲವಾದರೆ ಎಲ್ಲೋ ಸಂದಿ ಇದೆ, ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತಿದೆ ಎಂದು ಲೆಕ್ಕ. ಗಡ್ಡ ಇದ್ದರೆ ಸಂದಿ ಇದ್ದೇ ಇರುತ್ತದೆ. ಆದ್ದರಿಂದ ಗಡ್ಡದವನಿಗೆ ಸೆಟ್ಟಿಲ್ಲ, ಸೆಟ್ಟಿಲ್ಲದವನಿಗೆ ಟ್ಯಾಂಕಿಲ್ಲ. ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುವ ಕಾಲ ಬಂತೆಂದರೆ ನನಗೂ ಕೆಲಸಗಾರರಿಗೂ ಜಟಾಪಟಿ. ಟಿ. ದಾಸರಹಳ್ಳಿಯ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ರಮೇಶ ಎನ್ನುವವನು ಮಾಲೆ ಹಾಕಿ ಗಡ್ಡ ಬಿಟ್ಟಿದ್ದಾಗ ಅವನನ್ನು ಟ್ಯಾಂಕಿನ ಬಾಯಿಂದ ವಾಪಸ್ ಕಳಿಸಿದ್ದೆ.

"ವ್ರತ ಸಾರ್ ಇದು. ನಿಮಗೆ ದೇವ್ರು ದಿಂಡ್ರು ಏನೂ ಇಲ್ವಾ?" ಎಂದು ಎಲ್ಲರ ಎದುರಿಗೇ ಕೇಳಿದ್ದ.

"ದೇವ್ರಿದಾನೆ ಕಣಪ್ಪ. ಆ ಗ್ಯಾಸಿಗೆ ಅದು ಗೊತ್ತಿಲ್ಲ" ಅಂದಿದ್ದೆ. ಆ ಮಾತಿಗೆ ಎಲ್ಲರೂ ನಕ್ಕಿದ್ದರು, ರಮೇಶ ಒಬ್ಬನನ್ನು ಬಿಟ್ಟು.

ಇಂಥ ನನಗೆ ಹೋದ ವರ್ಷ ಶ್ವಾಸಕೋಶದ ಕಾಯಿಲೆ ಬಂತು. ಅದೂ ಎಲ್ಲಿಂದ ಬಂತು ಎಂದು ಕೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಆಸ್ಪತ್ರೆಯ ಕುರ್ಚಿಯಲ್ಲಿ ಟೋಕನ್ ಹಿಡಿದುಕೊಂಡು ಕೂತಿದ್ದರೆ, ನಿಮ್ಮನ್ನು ಒಂದು ಸಲ ನಗಿಸಿದರೂ ಸಾಕು ಅನ್ನಿಸಿದೆ.

ನಮ್ಮ ಮನೆ ಇರುವುದು ಯಲಹಂಕದ ಹಳೇ ಲೇಔಟಿನಲ್ಲಿ, ಪುಟ್ಟೇನಹಳ್ಳಿ ಕೆರೆಗೆ ನಡೆದು ಹೋಗುವಷ್ಟು ದೂರ. ಹಿಂದುಗಡೆ ಒಂದು ಬಾಲ್ಕನಿ. ಅಲ್ಲಿಗೆ ಪಾರಿವಾಳಗಳು ಬರುತ್ತಿದ್ದವು. ಮೊದಲು ಎರಡು ಬಂದವು, ಒಂದು ಹಿಡಿ ಜೋಳ ಹಾಕಿದೆ. ಮಾರನೆಯ ತಿಂಗಳು ಇಪ್ಪತ್ತಾದವು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅವುಗಳ ಮಧ್ಯೆ ನಿಂತರೆ ನನಗೆ ಸಾಕ್ಷಾತ್ ರಾಜನಾದ ಹಾಗೆ. ಹೆಂಡತಿ ಪದ್ಮಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. "ಒಗೆದ ಬಟ್ಟೆ ಎಲ್ಲಿ ಒಣಗ್ಸೋದು ಹೇಳಿ, ನಿಮ್ಮ ಮಕ್ಕಳ ಮೇಲಾ?" ಎಂದು ದಿನಾ ಕೂಗಾಡುತ್ತಿದ್ದಳು. ಅದಕ್ಕೆ ನಾನು ಭಾನುವಾರ ಬಂದ ಕೂಡಲೇ ಬನಿಯನ್ನು ಹಾಕಿಕೊಂಡು, ತೆಂಗಿನ ಪೊರಕೆ ತೆಗೆದುಕೊಂಡು, ಒಣಗಿದ ಹಿಕ್ಕೆಯನ್ನೆಲ್ಲ ಪರಪರ ಕೆರೆದು ಗುಡಿಸುತ್ತಿದ್ದೆ. ಬಿಸಿಲಿನಲ್ಲಿ ಬೂದಿಯ ಹಾಗೆ ಧೂಳು ಏಳುತ್ತಿತ್ತು. ಮೂರು ವರ್ಷ ಗುಡಿಸಿದೆ. ಮೂಗಿಗೆ ಒಂದು ಕರ್ಚೀಫೂ ಕಟ್ಟಲಿಲ್ಲ. ಮನೆ ತಾನೆ.

ಕೆಮ್ಮು ಶುರುವಾದದ್ದು ಯುಗಾದಿ ಹೊತ್ತಿಗೆ. ಒಣ ಕೆಮ್ಮು. ಸಂಜೆಯಾದರೆ ಸಣ್ಣ ಜ್ವರ, ಬೆಳಿಗ್ಗೆ ಇಲ್ಲ. ಆಮೇಲೆ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದೆ. ಯಾರಾದರೂ ನೋಡಿದರೆ ಚಪ್ಪಲಿ ಸರಿ ಮಾಡಿಕೊಳ್ಳುವವನ ಹಾಗೆ ಬಗ್ಗುತ್ತಿದ್ದೆ. ನಾವು ಹೊರುವ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಾಗ ಸೀಟಿ ಹೊಡೆಯುತ್ತದೆ. ಸೀಟಿ ಕೇಳಿದ ಮೇಲೂ ‘ಇನ್ನೊಂದ್ನಿಮಿಷ’ ಅನ್ನುವವರನ್ನು ನಾನು ಎಷ್ಟು ಜನರನ್ನು ಬೈದಿದ್ದೇನೋ. ನನ್ನದೇ ಎದೆ ನಾಲ್ಕು ತಿಂಗಳು ಸೀಟಿ ಹೊಡೆಯಿತು. ಇನ್ನೊಂದ್ನಿಮಿಷ, ಇನ್ನೊಂದ್ನಿಮಿಷ ಎಂದುಕೊಂಡೇ ಓಡಾಡಿದೆ.

ಆಗಸ್ಟ್‌ನಲ್ಲಿ ಒಂದು ದಿನ ಪಾಠ ಮಾಡುತ್ತಿದ್ದಾಗ ಸೆಟ್ಟು ಹೊತ್ತು ಎದ್ದು ನಿಲ್ಲಲು ಆಗಲಿಲ್ಲ. ಹಾಗೇ ಕೂತುಬಿಟ್ಟೆ. ಇಪ್ಪತ್ತು ಜನ ಕೆಲಸಗಾರರು ಅದೂ ಪಾಠದ ಭಾಗ ಎಂದುಕೊಂಡು ಗಂಭೀರವಾಗಿ ನೋಡುತ್ತಿದ್ದರು.

ಪದ್ಮಾ ಅವತ್ತೇ ಹೆಬ್ಬಾಳದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿದರು, ತೊಂಬತ್ತೈದರ ಮೇಲಿರಬೇಕಾದದ್ದು ಎಂಬತ್ತೊಂಬತ್ತು ತೋರಿಸಿತು. "ಪರೀಕ್ಷೇಲಾದ್ರೆ ಡಿಸ್ಟಿಂಕ್ಷನ್ನು" ಅಂದೆ. ಪದ್ಮಾ ನಗಲಿಲ್ಲ. ಅವಳು ನಗದಿದ್ದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ಎಕ್ಸ್‌ರೇ, ಸ್ಕ್ಯಾನು, ರಕ್ತ, ಉಸಿರಿನ ಪರೀಕ್ಷೆ ಎಲ್ಲ ಆಯಿತು. ಉಸಿರಿನ ಪರೀಕ್ಷೆ ಮಾಡುವ ಹುಡುಗಿ ಒಂದು ಕೊಳವೆಯನ್ನು ನನ್ನ ಬಾಯಿಗಿಟ್ಟು "ಊದಿ ಊದಿ ಊದಿ ಊದಿ ಊದಿ, ಬಿಡ್ಬೇಡಿ ಸಾರ್, ಇನ್ನೂ ಇನ್ನೂ ಇನ್ನೂ" ಎಂದು ಕಿರುಚುತ್ತಿದ್ದಳು. ಕಬಡ್ಡಿ ಆಡುವಾಗಲೂ ನನ್ನನ್ನು ಯಾರೂ ಅಷ್ಟು ಹುರಿದುಂಬಿಸಿರಲಿಲ್ಲ. ಊದಿ ಮುಗಿಸಿ ಕಣ್ಣು ಕತ್ತಲೆ ಬಂದು ಕೂತಾಗ "ತುಂಬಾ ಚೆನ್ನಾಗಿ ಟ್ರೈ ಮಾಡಿದ್ರಿ" ಅಂದಳು. ಫಲಿತಾಂಶ ಏನಿರಬಹುದು ಎಂದು ಅಲ್ಲೇ ಅರ್ಥವಾಯಿತು.

ವರದಿ ಬರುವವರೆಗೆ ನಾಲ್ಕು ದಿನ. ಆ ನಾಲ್ಕು ದಿನ ನಾನು ಹೇಗಿದ್ದೆ ಎಂದು ಮುಚ್ಚಿಡುವುದಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು, ಬಕೆಟ್ಟಿನ ಅಂಚು ಹಿಡಿದುಕೊಂಡು ಅಳುತ್ತಿದ್ದೆ. ಮಗಳು ಸಿಂಚನಾ ಎರಡನೆಯ ಪಿಯುಸಿ. ಅವಳ ಫೀಸು, ಮದುವೆ ಇವು ಯಾವುವೂ ನೆನಪಾಗುತ್ತಿರಲಿಲ್ಲ. ಇನ್ನು ಮೇಲೆ ಬೆನ್ನಿಗೆ ಸೆಟ್ಟು ಹಾಕಿಕೊಳ್ಳುವುದೇ ಇಲ್ಲವೇನೋ ಎಂಬುದು ಮಾತ್ರ ನೆನಪಾಗುತ್ತಿತ್ತು. ಸಾಯುವ ಹೆದರಿಕೆಗೆ ನನ್ನ ಮನಸ್ಸು ಕೊಟ್ಟ ಹೆಸರೇ ಅದು ಅನ್ನಿಸುತ್ತದೆ. ಮೇಷ್ಟ್ರಲ್ಲದ ನಾನು ಯಾರು ಎಂದು ನನಗೆ ಗೊತ್ತೇ ಇರಲಿಲ್ಲ.

ನಾಲ್ಕನೆಯ ದಿನ ಡಾಕ್ಟರ ಕೋಣೆಯ ಹೊರಗೆ ಎರಡು ಗಂಟೆ ಕಾದೆವು. ಪಕ್ಕದಲ್ಲಿ ದೇವನಹಳ್ಳಿ ಕಡೆಯ ಒಬ್ಬರು ಅಜ್ಜಿ, ಮುಖಕ್ಕೆ ಹೊಗೆಯಂತೆ ಔಷಧಿ ಬರುವ ಪ್ಲಾಸ್ಟಿಕ್ ಮಾಸ್ಕು ಹಾಕಿಕೊಂಡು ಕೂತಿದ್ದರು. ಮಾಸ್ಕು ಒಂದು ಕಡೆಗೆ ವಾಲಿತ್ತು. ಔಷಧಿಯೆಲ್ಲ ಅವರ ಕಿವಿಗೆ ಹೋಗುತ್ತಿತ್ತು. ನನ್ನಿಂದ ನೋಡುತ್ತ ಕೂರಲು ಆಗಲಿಲ್ಲ. ಎದ್ದು ಹೋಗಿ ಮೂಗಿನ ಮೇಲಿನ ತಗಡು ಒತ್ತಿ, ದಾರ ಬಿಗಿ ಮಾಡಿ, ಗಲ್ಲ ಹಿಡಿದು ಸರಿಮಾಡಿದೆ.

"ಡಾಕ್ಟ್ರೇನಪ್ಪಾ ನೀನು?" ಎಂದರು.

"ಅಲ್ಲ ಅಜ್ಜಿ, ಪೇಷೆಂಟು."

"ಮತ್ಯಾಕಪ್ಪಾ ನನ್ ಮೂತಿ ಇಡ್ಕಂಡಿದ್ದೀಯಾ?"

ಕಾಯುತ್ತಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಅಜ್ಜಿ ಮಾಸ್ಕು ತೆಗೆಯದೆಯೇ ಸೆರಗಿನ ಗಂಟು ಬಿಚ್ಚಿ ಎರಡು ಕೋಡುಬಳೆ ಕೊಟ್ಟರು. ನಾಲ್ಕು ದಿನದಲ್ಲಿ ನನಗೆ ರುಚಿ ಗೊತ್ತಾದ ಮೊದಲ ತಿಂಡಿ ಅದು.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಸ್ಕ್ಯಾನು ನೋಡುತ್ತ ಕೆಲಸ ಏನು ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಉಬ್ಬುವಷ್ಟು, ನನ್ನ ಇಪ್ಪತ್ತೆರಡು ವರ್ಷದ ಶಿಸ್ತಿನ ವರದಿಯನ್ನೆಲ್ಲ ಒಪ್ಪಿಸಿದೆ. ಮಾಸ್ಕಿಲ್ಲದೆ ನಾನು ಯಾವ ಧೂಳಿಗೂ ಕಾಲಿಟ್ಟವನಲ್ಲ ಅಂದೆ.

"ಮನೇಲಿ ಪಕ್ಷಿ ಏನಾದ್ರೂ ಸಾಕಿದ್ದೀರಾ?"

"ಇಲ್ಲ ಮೇಡಂ."

"ಇವರು ಸಾಕಿಲ್ಲ ಡಾಕ್ಟ್ರೇ" ಅಂದಳು ಪದ್ಮಾ. "ಅವೇ ಇವರನ್ನ ಸಾಕ್ಕೊಂಡಿದಾವೆ. ಮೂವತ್ತು ಪಾರಿವಾಳ. ಪ್ರತಿ ಭಾನುವಾರ ಇವರೇ ಹಿಕ್ಕೆ ಗುಡಿಸ್ತಾರೆ."

ಡಾಕ್ಟರು ಸ್ಕ್ಯಾನಿನಿಂದ ಮುಖ ಎತ್ತಿ ನನ್ನನ್ನು ನೋಡಿದರು. "ಗುಡಿಸುವಾಗ ಮಾಸ್ಕು?"

ನಾನು ಚಪ್ಪಲಿ ನೋಡಿಕೊಂಡೆ. ಗಡ್ಡ ಬಿಟ್ಟು ಬಂದ ಕೆಲಸಗಾರರು ನನ್ನ ಎದುರು ನಿಂತು ಮಾಡುವುದೂ ಅದನ್ನೇ.

ಹಿಕ್ಕೆಯ ಧೂಳು ನನ್ನ ದೇಹಕ್ಕೆ ಒಗ್ಗದೆ ಶ್ವಾಸಕೋಶ ಊದಿಕೊಂಡಿದೆ, ಇನ್ನೊಂದೆರಡು ವರ್ಷ ಹೀಗೇ ಗುಡಿಸಿದ್ದರೆ ಕಲೆ ಬಿದ್ದು ಗಟ್ಟಿಯಾಗಿಬಿಡುತ್ತಿತ್ತು, ಈಗ ಮಾತ್ರೆಗೆ ಬಗ್ಗುವ ಸಾಧ್ಯತೆ ಚೆನ್ನಾಗಿದೆ ಎಂದರು. ಪಾರಿವಾಳಗಳನ್ನು ಅವತ್ತೇ ಬಿಡಬೇಕು. ವಾಸಿಯಾಗಲು ತಿಂಗಳುಗಳೇ ಬೇಕು. "ಮತ್ತೆ ಸೆಟ್ಟು ಹಾಕಬಹುದಾ ಮೇಡಂ?" ಎಂದು ಕೇಳಿದೆ. "ಮೊದಲು ಮನೆ ಮೆಟ್ಟಿಲು ಹತ್ತಿ, ಆಮೇಲೆ ಮಾತಾಡೋಣ" ಅಂದರು.

ಹೊರಗೆ ಬಂದ ಮೇಲೆ ಪದ್ಮಾ ಒಂದು ಸುದ್ದಿ ಹೇಳಿದಳು. ಆ ಎರಡು ಗಂಟೆ ಕಾಯುವಾಗಲೇ ಅವಳು ಹರಕೆ ಹೊತ್ತುಬಿಟ್ಟಿದ್ದಳು. ದೊಡ್ಡಬಳ್ಳಾಪುರದ ಆಚೆ ಒಂದು ಗುಡ್ಡದ ಮೇಲೆ ನಮ್ಮ ಮನೆದೇವರು ತಿಮ್ಮರಾಯಸ್ವಾಮಿ ಇದ್ದಾನೆ. ಇನ್ನೂರ ಹತ್ತು ಮೆಟ್ಟಿಲು. ನಾನು ವಾಸಿಯಾಗಿ, ನಡುವೆ ಎಲ್ಲೂ ಕೂರದೆ ಆ ಮೆಟ್ಟಿಲು ಹತ್ತಿ, ಮುಡಿ ಕೊಡಬೇಕು. ಅಲ್ಲಿಯವರೆಗೂ ತಲೆಗಾಗಲಿ ಗಲ್ಲಕ್ಕಾಗಲಿ ಕತ್ತಿ ಸೋಕಿಸುವಂತಿಲ್ಲ.

"ಪದ್ಮಾ, ಗಡ್ಡ ಕಣೇ! ನಾನು ಗಡ್ಡ ಬಿಡೋದಾ?"

"ಕ್ಯಾನ್ಸರ್ ಅಂದ್ಬಿಡ್ತಾರೇನೋ ಅಂತ ಹೆದ್ರಿ ಕೂತಿದ್ದೆ ನಾನು. ಆ ಹೊತ್ತಲ್ಲಿ ನಿಮ್ಮ ಕಂಪನಿ ರೂಲ್ಸು ನೆನಪಾಗ್ಲಿಲ್ಲ" ಎಂದವಳೇ ಆಟೋ ಸ್ಟ್ಯಾಂಡಿನಲ್ಲಿ ನಿಂತು ಜೋರಾಗಿ ಅತ್ತುಬಿಟ್ಟಳು. ಗಡ್ಡದ ಮಾತು ಅಲ್ಲಿಗೆ ಮುಗಿಯಿತು.

ಮೊದಲ ಕೆಲವು ವಾರ ಮನೆಯಲ್ಲೇ ಮೂಗಿಗೆ ನಳಿಕೆ ಹಾಕಿ ಆಕ್ಸಿಜನ್ ಕೊಟ್ಟರು. ಕಂಪನಿಯಲ್ಲಿ ವೈರಲ್ ಜ್ವರ ಎಂದು ಹೇಳಿದ್ದೆ. ಮಾಸ್ಕ್ ಮೇಷ್ಟ್ರಿಗೆ ಧೂಳಿನಿಂದ ಕಾಯಿಲೆ ಎಂದು ಹೇಗೆ ಹೇಳಲಿ? ಆದರೆ ಗಿರಿಯಪ್ಪಣ್ಣನಿಂದ ಮುಚ್ಚಿಡಲು ಆಗಲಿಲ್ಲ. ಚಿಕ್ಕಜಾಲದವನು, ನಮ್ಮ ವರ್ಕ್‌ಶಾಪಿನಲ್ಲಿ ಸಿಲಿಂಡರ್ ತುಂಬುವವನು, ನನಗಿಂತ ಹಿರಿಯ. ಹಣ್ಣು ತೆಗೆದುಕೊಂಡು ನೋಡಲು ಬಂದವನು ಮಂಚದ ಪಕ್ಕ ಸಿಲಿಂಡರ್ ನೋಡಿ, ನನ್ನನ್ನು ಮಾತಾಡಿಸುವ ಮೊದಲು ಅದರ ಮುಳ್ಳು ನೋಡಿದ. ವಾಲ್ವಿಗೆ ಕಿವಿ ಕೊಟ್ಟು ಸೋರುತ್ತಿದೆಯೇ ಎಂದು ಕೇಳಿಸಿಕೊಂಡ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

ನಮ್ಮ ಸೆಟ್ಟಿನ ಸಿಲಿಂಡರಿನಲ್ಲಿರುವುದು ಬರೀ ಗಾಳಿ. ಕೆಲಸಗಾರರೆಲ್ಲ ಅದಕ್ಕೆ ‘ಆಕ್ಸಿಜನ್ ಸಿಲಿಂಡರ್’ ಅನ್ನುತ್ತಾರೆ. ಅನ್ನಬೇಡಿ ಅನ್ನಬೇಡಿ ಎಂದು ನಾನು ಇಪ್ಪತ್ತೆರಡು ವರ್ಷ ತಿದ್ದಿದ್ದೇನೆ.

"ಸಾರ್" ಅಂದ ಗಿರಿಯಪ್ಪಣ್ಣ. "ಇದುನ್ನಾದ್ರೂ ಆಕ್ಸಿಜನ್ನು ಅನ್ನಬೋದಾ?"

ನಕ್ಕು ನಕ್ಕು ಮೂಗಿನ ನಳಿಕೆ ಕಳಚಿಬಿತ್ತು. ಆಮೇಲೆ ಅವನಿಗೆ ಪಾರಿವಾಳದ ವಿಷಯವನ್ನೆಲ್ಲ ಹೇಳಿದೆ. ಅವನು ಎದ್ದು ಹೋಗಿ ಬಾಲ್ಕನಿಯ ಗಾಜಿನಿಂದ ಇಣುಕಿ ನೋಡಿ, "ಇಂಗೆಲ್ಲಾ ಪೊರಕೆ ತಕಂಡು ಗುಡಿಸ್ಬಾರ್ದು ಸಾರ್, ನೀರಾಕ್ಬುಟ್ಟು ಒರೆಸ್ಬೇಕು. ನೀವೇ ತಾನೆ ಯೇಳ್ಕೊಟ್ಟಿದ್ದು? ಶನಿವಾರ ಬತ್ತೀನಿ" ಎಂದು ಹೋದ.

ಶನಿವಾರ ಡಾಕ್ಟರು ಹೇಳಿದಂತೆ ನಾನು ಮುಂದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಗಿರಿಯಪ್ಪಣ್ಣ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಗಮ್‌ಬೂಟು, ಬೆನ್ನಿಗೆ ಸಿಲಿಂಡರು, ಮುಖಕ್ಕೆ ಪೂರ್ತಿ ಮಾಸ್ಕು. ಅಷ್ಟು ಬೇಕಾಗಿರಲಿಲ್ಲ, ಸಾಧಾರಣ ಮಾಸ್ಕೇ ಸಾಕಿತ್ತು. ಆದರೆ ಮೇಷ್ಟ್ರ ಮನೆ ಕೆಲಸ ಎಂದು ಅವನಿಗೆ ಅಭಿಮಾನ. ಅವನು ಬಾಲ್ಕನಿಗೆ ಕಾಲಿಟ್ಟದ್ದೇ ತಡ, ಹಿಂದಿನ ಬೀದಿಯಲ್ಲಿ ಜನ ಸೇರಿದರು. ಹಿಂದಿನ ಮನೆಯ ಸರೋಜಮ್ಮ ಕುಕ್ಕರ್ ಆಫ್ ಮಾಡಿ ಮೊಮ್ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ ಬಂದರಂತೆ.

"ಏನ್ರೀ ಪದ್ಮಾ, ಗ್ಯಾಸ್ ಲೀಕಾ? ಓಡೋದಾ?"

"ಏನೂ ಇಲ್ಲ ಸರೋಜಮ್ಮ, ನಮ್ಮನೆಯವರ ಪಾರಿವಾಳದ ಹಿಕ್ಕೆ ತೆಗೀತಿದಾರೆ ಅಷ್ಟೇ!"

ಇಡೀ ಲೇಔಟಿಗೆ ಕೇಳಿಸಿತು. ಅಲ್ಲಿಗೆ ನನ್ನ ವೈರಲ್ ಜ್ವರದ ಕಥೆ ಮುಗಿಯಿತು. ಸೋಮವಾರದ ಹೊತ್ತಿಗೆ ಪೀಣ್ಯಕ್ಕೂ ಸುದ್ದಿ ಮುಟ್ಟಿತ್ತು. ಫೋನುಗಳು ಬಂದವು. ಒಬ್ಬರೂ ಆಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಎಲ್ಲರೂ ಆಡಿಕೊಂಡರು. ಆಡಿಕೊಂಡು, ಕೊನೆಗೆ ಊಟ ಸರಿಯಾಗಿ ಮಾಡಿ ಸಾರ್ ಅಂದರು. ನಾಚಿಕೆ ಹೊತ್ತುಕೊಂಡು ತಿರುಗುವುದು ಸಿಲಿಂಡರಿಗಿಂತ ಭಾರ ಎಂದು ಆಗ ಗೊತ್ತಾಯಿತು.

ಬಾಲ್ಕನಿಗೆ ಬಲೆ ಬಿತ್ತು. ಪಾರಿವಾಳಗಳು ಒಂದು ವಾರ ಬಲೆಯ ಹೊರಗೆ ಕೂತು ನನ್ನನ್ನೇ ನೋಡಿದವು. ನಾನೂ ಗಾಜಿನ ಒಳಗಿಂದ ನೋಡಿದೆ. ಸಂಕಟವಾಯಿತು. ಆಮೇಲೆ ಅವು ಎಲ್ಲೋ ಬೇರೆ ಮನೆ ನೋಡಿಕೊಂಡವು.

ಮಾತ್ರೆಗಳು ಕೆಲಸ ಮಾಡಿದವು. ಜೊತೆಗೆ ಹಸಿವನ್ನೂ ತಂದವು. ಬೆಳಿಗ್ಗೆ ಆರು ಇಡ್ಲಿ ತಿಂದು ಏಳನೆಯದಕ್ಕೆ ಅಡುಗೆಮನೆಯ ಕಡೆ ನೋಡುತ್ತಿದ್ದೆ. ಮುಖ ಪೂರಿಯ ಹಾಗೆ ಊದಿಕೊಂಡಿತು. ಅದರ ಸುತ್ತ ಗಡ್ಡ ಬೆಳೆಯಿತು, ಅರ್ಧ ಬಿಳಿ, ಅರ್ಧ ಕಪ್ಪು. ಸಿಂಚನಾ ದಿನಾ ಸಂಜೆ ಕ್ಲಿಪ್ಪು ಹಾಕಿ ನಂಬರು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ತೊಂಬತ್ತೆರಡು, ತೊಂಬತ್ನಾಲ್ಕು. ತೊಂಬತ್ತಾರು ಬಂದ ದಿನ "ಅಪ್ಪಾ, ನೀನು ನನಗಿಂತ ಜಾಸ್ತಿ ಸ್ಕೋರ್ ಮಾಡ್ತಿದ್ದೀಯಾ" ಎಂದು ಕುಣಿದಳು.

ನವೆಂಬರಿನಲ್ಲಿ ಗುಡ್ಡ ಹತ್ತಲು ಹೋದೆವು. ತೊಂಬತ್ತನೆಯ ಮೆಟ್ಟಿಲಿನಲ್ಲಿ ಎದೆ ಹಿಡಿದುಕೊಂಡಿತು. ಕೂತೆ. ಪದ್ಮಾ ಪಕ್ಕದಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಕೂತ ಮೇಲೆ ಹರಕೆ ತೀರುವುದಿಲ್ಲ, ಗಡ್ಡ ಹೋಗುವುದಿಲ್ಲ. ಅಲ್ಲಿಂದಲೇ ಕೈಮುಗಿದು ಇಳಿದೆವು.

ಇತ್ತ ಕಂಪನಿಯ ಮಾಲೀಕರು ಒಳ್ಳೆಯವರೇ. ಮನೆಗೆ ಬಂದು, "ಜನವರಿಯಿಂದ ಹೊಸ ತರಬೇತಿ ಶುರು ಮಾಡ್ಬೇಕು ರಂಗಸ್ವಾಮಿ. ಅಷ್ಟೊತ್ತಿಗೆ ಸೆಟ್ ಹಾಕಿ ತೋರ್ಸೋಕಾದ್ರೆ ನಿಮ್ಮ ಜಾಗ ನಿಮ್ದೇ. ಆಗ್ದಿದ್ರೆ ಬೇಜಾರ್ ಮಾಡ್ಕೋಬೇಡಿ, ಆಫೀಸಲ್ಲಿ ಕೂತ್ಕೊಂಡು ಮಾಡೋ ಕೆಲ್ಸ ಇದೆ" ಅಂದರು. ನ್ಯಾಯವಾದ ಮಾತು. ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಜನವರಿಗೆ ಇನ್ನೆಷ್ಟು ದಿನ ಎಂದು ಎಣಿಸಿದೆ.

ಡಿಸೆಂಬರಿನಲ್ಲಿ ಡಾಕ್ಟರು ಹೊಸ ಸ್ಕ್ಯಾನು ನೋಡಿ ಖುಷಿಪಟ್ಟರು. ಬಯಲಿನಲ್ಲಿ ನಿಂತು ಸೆಟ್ಟು ಹಾಕಿ ತೋರಿಸಬಹುದು, ಟ್ಯಾಂಕಿನೊಳಗೆ ಇಳಿಯುವುದು ಮಾತ್ರ ಇನ್ನು ಯಾವತ್ತೂ ಬೇಡ ಅಂದರು. ಇಳಿಯುವುದು ಹೋಯಿತಲ್ಲ ಎಂದು ಒಂದು ಕ್ಷಣ ಕುಸಿದೆ. ಆದರೆ ಕಲಿಸುವುದು ಉಳಿಯಿತು. ಅಷ್ಟು ಉಳಿದದ್ದಕ್ಕೇ ಆಸ್ಪತ್ರೆಯ ಕಾರಿಡಾರಿನಲ್ಲಿ ಪದ್ಮಳ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ಜನರ ಎದುರು ಹಿಡಿದದ್ದು ಅದೇ ಮೊದಲಿರಬೇಕು.

ಆ ಖುಷಿಯಲ್ಲೇ ಒಂದು ತಪ್ಪು ಮಾಡಿದೆ. ದಾಸರಹಳ್ಳಿಯ ಆ ಫ್ಯಾಕ್ಟರಿಯಲ್ಲಿ ಗಿರಿಯಪ್ಪಣ್ಣ ಸಿಲಿಂಡರ್ ಇಳಿಸಲು ಹೋಗುತ್ತಿದ್ದ. ಸುಮ್ಮನೆ ಜೊತೆಗೆ ಹೋದೆ. ಅಂಗಳದಲ್ಲಿ ಕಪ್ಪು ಪಂಚೆ, ಕೊರಳಲ್ಲಿ ಮಾಲೆ, ಗಡ್ಡ ಬಿಟ್ಟ ರಮೇಶ ಎದುರಾದ. ನನ್ನ ಗಡ್ಡ ನೋಡಿ ಕೈ ಮುಗಿದ.

"ಸ್ವಾಮಿ ಶರಣಂ! ಮಾಲೆ ಯಾವಾಗ ಹಾಕಿದ್ರಿ ಸ್ವಾಮಿ?"

"ಮಾಲೆ ಅಲ್ಲಪ್ಪ, ಹರಕೆ" ಎಂದು ಗೊಣಗಿದೆ.

ಅಲ್ಲೇ ಮೇಜಿನ ಮೇಲೆ ಮಾಸ್ಕು ಇತ್ತು. ನಾಲ್ಕು ತಿಂಗಳಿಂದ ಮುಟ್ಟಿರಲಿಲ್ಲ. ಕೈ ತಡೆಯಲಿಲ್ಲ. ಕೆಲಸಗಾರರು ಒಂದು ಕಳ್ಳದಾರಿ ಹಿಡಿಯುತ್ತಾರೆ. ಗಡ್ಡಕ್ಕೆ ದಪ್ಪವಾಗಿ ವ್ಯಾಸಲೀನ್ ಬಳಿದು ಮಾಸ್ಕು ಹಾಕಿದರೆ ಸಂದಿ ಮುಚ್ಚುತ್ತದೆ ಎಂದು ಅವರ ನಂಬಿಕೆ. ಎಷ್ಟು ಜನರನ್ನು ಇದಕ್ಕಾಗಿ ಹೊರಗೆ ನಿಲ್ಲಿಸಿದ್ದೇನೋ. ಗಿರಿಯಪ್ಪಣ್ಣ ಅತ್ತ ತಿರುಗಿದಾಗ ಅವನ ಚೀಲದಿಂದ ವ್ಯಾಸಲೀನ್ ಡಬ್ಬಿ ತೆಗೆದು ಗಡ್ಡಕ್ಕೆ ಮೆತ್ತಿಕೊಂಡೆ. ಜನವರಿ ಹತ್ತಿರ ಬರುತ್ತಿತ್ತು, ಗುಡ್ಡ ಹತ್ತುವ ಧೈರ್ಯ ಇರಲಿಲ್ಲ. ಮಾಸ್ಕು ಗಡ್ಡದ ಮೇಲೇ ನಿಂತರೆ ನಿಲ್ಲಲಿ ಎಂದು ಒಳಗೊಳಗೆ ಆಸೆ.

ಮಾಸ್ಕು ಹಾಕಿದೆ. ಅಂಗೈ ಇಟ್ಟೆ. ಎಳೆದೆ. ಅಂಟಿಕೊಂಡಿತು. ಒಂದು, ಎರಡು, ಮೂರು... ಫುಸ್ಸೆಂದು ಸಡಿಲವಾಯಿತು. ಗಲ್ಲದ ಹತ್ತಿರ ತಣ್ಣಗೆ ಗಾಳಿ ನುಗ್ಗಿದ್ದು ನನಗೇ ಗೊತ್ತಾಯಿತು.

ಕಣ್ಣು ತೆರೆದರೆ ಎದುರಿಗೆ ರಮೇಶ. ಗಡ್ಡದಿಂದ ಎಣ್ಣೆ ಎಣ್ಣೆಯಾಗಿ ಜಿಡ್ಡು ಇಳಿಯುತ್ತಿದ್ದ ನನ್ನ ಮುಖ ನೋಡಿ ನಗುವನ್ನು ಹಲ್ಲು ಕಚ್ಚಿ ಹಿಡಿದಿದ್ದ. ಈಗ ಹೇಳುತ್ತಾನೆ, ದೇವರು ದಿಂಡರ ಮಾತು ಈಗ ಬರುತ್ತದೆ ಎಂದುಕೊಂಡೆ.

"ಮೂರಕ್ಕೇ ಹೋಯ್ತು ಸಾರ್" ಅಂದ ಮೆಲ್ಲಗೆ. ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟ. "ನಾನು ಈ ಸಲ ನೀವಿಲ್ದಿದ್ರೂ ಟ್ಯಾಂಕ್ ಕೆಲಸ ಬೇಡ ಅಂತ ಬರ್ಕೊಟ್ಟಿದ್ದೀನಿ. ಜ್ಯೋತಿ ನೋಡ್ಕೊಂಡ್ ಬಂದು ಮಾಲೆ ತೆಗೀತೀನಿ, ಆಮೇಲೆ ಇಳೀತೀನಿ. ನೀವೂ ನಿಮ್ಮ ಹರಕೆ ಮುಗಿಸ್ಕೊಂಡ್ ಬನ್ನಿ. ಏನ್ ಅವಸರ?"

ನನ್ನ ಪಾಠವನ್ನು ನನಗೇ ಅಷ್ಟು ಮೃದುವಾಗಿ ಯಾರೂ ಒಪ್ಪಿಸಿರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತಲು ಶುರುಮಾಡಿದೆ. ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ, ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡುತ್ತ, ಮೊದಲು ಅರ್ಧ ಸುತ್ತು, ಆಮೇಲೆ ಒಂದು. ಸಿಂಚನಾ ಕೆಲವು ದಿನ ಪುಸ್ತಕ ಹಿಡಿದುಕೊಂಡು ಜೊತೆಗೆ ಬರುತ್ತಿದ್ದಳು. ನಾನು ಪ್ರಶ್ನೆ ಕೇಳುವುದು, ಅವಳು ಉತ್ತರ ಹೇಳುವುದು. ಅವಳ ಇಡೀ ಭೌತಶಾಸ್ತ್ರ ಹೀಗೇ ಮುಗಿಯಿತು.

ಸಂಕ್ರಾಂತಿ ಕಳೆದ ಭಾನುವಾರ ಮತ್ತೆ ಗುಡ್ಡಕ್ಕೆ ಹೋದೆವು. ನಾವು ಮೂವರು ಮತ್ತು ಒಂದು ಚೀಲ ಹೊತ್ತ ಗಿರಿಯಪ್ಪಣ್ಣ. ತೊಂಬತ್ತನೆಯ ಮೆಟ್ಟಿಲು ಬಂದಾಗ ಎಲ್ಲರೂ ಮಾತು ನಿಲ್ಲಿಸಿದರು. ದಾಟಿದೆ. ನೂರ ಐವತ್ತರಲ್ಲಿ ನಿಂತೆ, ಕಂಬಿ ಹಿಡಿದುಕೊಂಡೆ. "ನಿಲ್ಲೋದಕ್ಕೆ ಹರಕೇಲಿ ಅಡ್ಡಿಯಿಲ್ಲ, ಕೂರಬಾರ್ದು ಅಷ್ಟೇ" ಎಂದು ಪದ್ಮಾ ಗಣಿತದವರ ಹಾಗೆ ಷರತ್ತು ಓದಿದಳು. ಇನ್ನೂರು ದಾಟಿದ ಮೇಲೆ ಅವಳೇ ಏದುಸಿರು ಬಿಡುತ್ತಿದ್ದಳು. ನಾನು ಕೈ ಕೊಟ್ಟು ಎಳೆದುಕೊಂಡೆ. ಕೊನೆಯ ಮೆಟ್ಟಿಲು ಹತ್ತಿ ನಿಂತು ಉಸಿರು ಎಳೆದೆ. ಇಡೀ ಎದೆ ತುಂಬಿತು. ತುಂಬಿ ಇನ್ನೂ ಜಾಗ ಇತ್ತು.

ಕ್ಷೌರದ ಚಪ್ಪರದಲ್ಲಿ ಮುಡಿ ಕೊಟ್ಟೆ. ಐದು ತಿಂಗಳ ಗಡ್ಡ ಮಡಿಲಿಗೆ ಬಿತ್ತು. ಬೋಳುತಲೆಗೆ ತಣ್ಣನೆಯ ಗಂಧ ಬಳಿದರು. ದರ್ಶನ ಮುಗಿಸಿ ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಈಗ ಕೂರಬಹುದಾಗಿತ್ತು.

ಗಿರಿಯಪ್ಪಣ್ಣ ಚೀಲ ಬಿಚ್ಚಿದ. ಒಳಗೆ ಮಾಸ್ಕು.

"ಗುಡಿ ಮುಂದೆ ಏನಣ್ಣ ಇದು?"

"ಸೋಮವಾರದ ತಂಕ ತಡ್ಕಳಾಕಾಗಲ್ಲ ಸಾರ್ ನಂಗೆ. ಆಕಿ ನೋಡಿ."

ಬೋಳುತಲೆಯ ಗಂಧಕ್ಕೆ ಪಟ್ಟಿಗಳು ಜಾರುತ್ತಿದ್ದವು. ಸಿಂಚನಾ ವೇಲಿನಿಂದ ಒರೆಸಿದಳು. ಗಲ್ಲ ಮೊದಲು ಇಟ್ಟು, ಆಮೇಲೆ ಹಣೆ, ಪಟ್ಟಿ ಬಿಗಿದೆ. ಅಂಗೈ ಇಟ್ಟೆ. ಎಳೆದೆ. ಮಾಸ್ಕು ಮುಖಕ್ಕೆ ಗಪ್ಪನೆ ಅಂಟಿತು.

"ಒಂದು" ಎಂದು ಶುರುಮಾಡಿದಳು ಮಗಳು. ಪ್ರಸಾದ ತಿನ್ನುತ್ತಿದ್ದ ಜನ ತಿರುಗಿ ನೋಡಿದರು. ಮೂರು ದಾಟಿತು. ಏಳು, ಎಂಟು. ಪದ್ಮಾ ಗಾಜಿಗೆ ಮುಖ ಹತ್ತಿರ ತಂದು ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಮಾಸ್ಕಿನೊಳಗೆ ನೋಡಿದ್ದು ಅವತ್ತೇ ಮೊದಲು. ಹತ್ತು. ಮಾಸ್ಕು ಅಲುಗಲಿಲ್ಲ.

"ತಗೀರಿ ಸಾರ್, ಪಾಸಾಗದೆ" ಅಂದ ಗಿರಿಯಪ್ಪಣ್ಣ.

ಅಂಗೈ ತೆಗೆದೆ, ಮಾಸ್ಕು ತೆಗೆಯಲಿಲ್ಲ. ಒಳಗೆ ಕಣ್ಣೀರು ಇಳಿದು ಗಾಜೆಲ್ಲ ಮಬ್ಬಾಗಿತ್ತು. ಸ್ವಲ್ಪ ಹೊತ್ತು ಹಾಗೇ ಕೂತು ಉಸಿರಾಡಿದೆ.

ಸೋಮವಾರ ದಾಸರಹಳ್ಳಿಯ ಫ್ಯಾಕ್ಟರಿಯ ಅಂಗಳದಲ್ಲಿ ಹದಿನೆಂಟು ಜನ ಸಾಲಾಗಿ ನಿಂತಿದ್ದರು. ಮಾಲೆ ತೆಗೆದು ನುಣ್ಣಗೆ ಶೇವ್ ಮಾಡಿಕೊಂಡು ಬಂದಿದ್ದ ರಮೇಶ ಮೊದಲನೆಯವನು. ಅಭ್ಯಾಸದಂತೆ ನಾನು ಎಲ್ಲರ ಗಲ್ಲ ನೋಡುತ್ತ ಬಂದೆ. ಅವನ ಎದುರು ಬಂದಾಗ ಅವನೂ ಕತ್ತು ವಾಲಿಸಿ ನನ್ನ ಗಲ್ಲವನ್ನು ಎಡಕ್ಕೂ ಬಲಕ್ಕೂ ಪರೀಕ್ಷೆ ಮಾಡಿದ.

"ಸರಿಯಾಗಿದೆ ಸಾರ್. ಹಾಕ್ಕೊಳ್ಳಿ" ಅಂದ.

ಸೆಟ್ಟು ಬೆನ್ನಿಗೇರಿಸಿ ಎದ್ದು ನಿಂತೆ. ಎಲ್ಲರೂ ಅಂಗೈ ಇಡಿ, ಉಸಿರು ಎಳೀರಿ ಎಂದೆ. ಎಲ್ಲರಿಗಿಂತ ಮೊದಲು ನಾನು ಎಳೆದೆ.